ಹಿತ್ತಾಳೆಗೆ ಹಚ್ಚಿದ ಜಿಡ್ಡು: ತೋಟಾ ಮರುತುಂಬುವ ಕಸುಬಿನ ಚರಿತ್ರೆ

ರೈಫಲ್ ತೋಟಾದ ನಾಲ್ಕು ಅಂಗಗಳಲ್ಲಿ ಮೂರು ಒಂದೇ ಈಡಿಗೆ ತೀರಿಹೋಗುತ್ತವೆ: ಗುಂಡು ನಳಿಗೆಯಿಂದಾಚೆ ಹಾರುತ್ತದೆ, ಮದ್ದು ಉರಿದು ಅನಿಲವಾಗುತ್ತದೆ, ಬುಡದಲ್ಲಿ ಕೂತು ಕಿಡಿ ಹೊತ್ತಿಸುವ ಪುಟ್ಟ ಬಟ್ಟಲಿನಂಥ ಕೇಪು ಸತ್ತುಹೋಗುತ್ತದೆ. ಉಳಿಯುವುದು ನಾಲ್ಕನೆಯದಾದ ಹಿತ್ತಾಳೆಯ ಕೋಶ. ತೋಟಾದ ಬೆಲೆಯಲ್ಲಿ ದೊಡ್ಡ ಪಾಲು ಅದರದ್ದೇ ಆದ್ದರಿಂದ, ಅದನ್ನು ಎಸೆಯದೆ ಹೊಸ ಕೇಪು, ಮದ್ದು, ಗುಂಡುಗಳಿಂದ ಮತ್ತೆ ತುಂಬಿಕೊಳ್ಳುವ ರೂಢಿ ಲೋಹದ ತೋಟಾದಷ್ಟೇ ಹಳೆಯದಾಗಿದೆ. ಮುಖ್ಯವಾಗಿ ಅಮೆರಿಕದಲ್ಲಿ ಬೆಳೆದು ನಿಂತ ಈ ಮನೆಗಸುಬಿನಲ್ಲಿ ಮದ್ದಿನ ತೂಕ, ಗುಂಡಿನ ಆಕಾರಗಳ ಬಗ್ಗೆ ಪುಟಗಟ್ಟಲೆ ಬರೆದವರು ಬಹಳ ಮಂದಿ. ಆದರೆ ಬೆರಳ ತುದಿಯಲ್ಲಿ ಕೋಶಕ್ಕೆ ಸವರುವ ಚಿಟಿಕೆ ಜಿಡ್ಡಿಗೆ ಸಿಕ್ಕಿರುವುದು ಒಂದೋ ಎರಡೋ ವಾಕ್ಯ. ಆ ಜಿಡ್ಡು ಎಲ್ಲಿರಬೇಕು, ಎಲ್ಲಿರಬಾರದು ಎಂಬುದನ್ನು ಕಂಡುಕೊಳ್ಳಲು ಕೋವಿಯ ಕಸುಬಿಗೆ ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು ಎಂಬುದು ಇಲ್ಲಿಯ ವಾದ.

ಕೋಶಕ್ಕೆ ಜಿಡ್ಡು ಏಕೆ ಬೇಕು ಎಂಬುದನ್ನು ಮೊದಲು ತಿಳಿಯಬೇಕು. ಈಡು ಸಿಡಿದ ಕ್ಷಣದಲ್ಲಿ ಅನಿಲದ ಒತ್ತಡಕ್ಕೆ ಕೋಶ ಉಬ್ಬಿ ಚೇಂಬರಿನ ಗೋಡೆಗೆ, ಅಂದರೆ ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಗೂಡಿನ ಗೋಡೆಗೆ, ಬಿಗಿಯಾಗಿ ಒತ್ತಿಕೊಂಡು ಅನಿಲ ಹಿಂದಕ್ಕೆ ನುಗ್ಗದಂತೆ ತಡೆಯುತ್ತದೆ. ಒತ್ತಡ ಇಳಿದ ಮೇಲೆ ಹಿತ್ತಾಳೆಯ ಸ್ಥಿತಿಸ್ಥಾಪಕ ಗುಣದಿಂದ ಅದು ತುಸು ಕುಗ್ಗುತ್ತದೆಯಾದರೂ ಮೊದಲಿನ ಅಳತೆಗೆ ಮರಳುವುದಿಲ್ಲ. ಹಾಗಾಗಿ ಮರುತುಂಬುವ ಮುನ್ನ ಅದನ್ನು ಡೈ ಎಂಬ ಗಟ್ಟಿ ಉಕ್ಕಿನ ಅಚ್ಚಿನೊಳಕ್ಕೆ ಪ್ರೆಸ್ಸಿನ ಬಲದಿಂದ ನುಗ್ಗಿಸಿ, ಸುತ್ತಲಿಂದ ಹಿಂಡಿ, ಹಳೆಯ ಅಳತೆಗೆ ತರಬೇಕಾಗುತ್ತದೆ. ಬರಿಯ ಹಿತ್ತಾಳೆ ಬರಿಯ ಉಕ್ಕಿಗೆ ಇಷ್ಟು ಬಲದಲ್ಲಿ ಉಜ್ಜಿದಾಗ ಮೆತ್ತಗಿನ ಲೋಹದ ಕಣಗಳು ಗಟ್ಟಿ ಲೋಹಕ್ಕೆ ಕಚ್ಚಿಕೊಳ್ಳುತ್ತವೆ. ಕಚ್ಚಿದ ಕಣ ಮುಂದಿನ ಕಣವನ್ನು ಹಿಡಿಯುತ್ತದೆ. ಕೋಶದ ಬುಡದ ಬಳಿ ಗೋಡೆ ದಪ್ಪವಾಗಿರುವುದರಿಂದ ಅಲ್ಲಿ ಬಿಗಿತ ತುತ್ತತುದಿ ಮುಟ್ಟುತ್ತದೆ. ಪ್ರೆಸ್ಸಿನ ಸನ್ನೆಯನ್ನು ಹಿಂದಕ್ಕೆ ಎಳೆದಾಗ ಕೋಶ ಕದಲದೆ ಅದರ ಬುಡದ ಅಂಚು ಮಾತ್ರ ಹರಿದು ಕೈಗೆ ಬರುತ್ತದೆ, ಉಳಿದ ಹಿತ್ತಾಳೆ ಡೈನೊಳಗೆ ಬೆಣೆ ಹೊಡೆದಂತೆ ಉಳಿದುಬಿಡುತ್ತದೆ. ಎರಡು ಲೋಹಗಳ ನಡುವೆ ತೆಳುವಾದೊಂದು ಜಿಡ್ಡಿನ ಪದರವಿದ್ದರೆ ಈ ಯಾವುದೂ ನಡೆಯುವುದಿಲ್ಲ.

ಆದರೆ ತೋಟಾಕ್ಕೂ ಜಿಡ್ಡಿಗೂ ನಂಟು ಬೆಸೆದದ್ದು ಹಿತ್ತಾಳೆ ಬರುವುದಕ್ಕಿಂತ ಮುಂಚೆ, ತೋಟಾ ಇನ್ನೂ ಕಾಗದದ ಪೊಟ್ಟಣವಾಗಿದ್ದ ಕಾಲದಲ್ಲಿ. 1853ರ ಮಾದರಿಯ ಎನ್‌ಫೀಲ್ಡ್ ರೈಫಲಿನ ತೋಟಾದಲ್ಲಿ ಮದ್ದೂ ಗುಂಡೂ ಒಂದೇ ಕಾಗದದ ಸುರುಳಿಯಲ್ಲಿರುತ್ತಿದ್ದವು. ಸಿಪಾಯಿ ಅದರ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು, ಮದ್ದನ್ನು ನಳಿಗೆಯ ಬಾಯಿಗೆ ಸುರಿದು, ಗುಂಡಿನ ಭಾಗವನ್ನು ಅದರ ಕಾಗದದ ಸಮೇತ ಒಳಕ್ಕೆ ತೂರಿಸಿ ಗಜದಿಂದ ತಳ್ಳುತ್ತಿದ್ದನು. ನಳಿಗೆಯೊಳಗಿನ ಸುರುಳಿ ಗೀರುಗಳಲ್ಲಿ ಗುಂಡು ಸಲೀಸಾಗಿ ಇಳಿಯಲೆಂದೂ, ಕರಿಮದ್ದು ಉರಿದು ಬಿಡುವ ಗಟ್ಟಿ ಮಸಿ ಮೆತ್ತಗಿರಲೆಂದೂ ಆ ಕಾಗದದ ಹೊರಮೈಗೆ ಪ್ರಾಣಿಗಳ ಕೊಬ್ಬು ಮತ್ತು ಜೇನುಮೇಣದ ಮಿಶ್ರಣವನ್ನು ಹಚ್ಚುತ್ತಿದ್ದರು. ಆ ಕೊಬ್ಬು ಯಾವ ಪ್ರಾಣಿಯದು ಎಂಬ ಪ್ರಶ್ನೆ 1857ರ ಜನವರಿಯಲ್ಲಿ ಕಲ್ಕತ್ತೆಯ ಬಳಿಯ ಡಮ್‌ಡಮ್‌ನಲ್ಲಿ ಎದ್ದು, ಹಸುವಿನದೂ ಹಂದಿಯದೂ ಎಂಬ ಸುದ್ದಿಯಾಗಿ ಬಂಗಾಳದ ಪಡೆಯ ತುಂಬ ಹಬ್ಬಿತು. ಸಿಪಾಯಿಗಳು ತಾವೇ ತಂದ ತುಪ್ಪ ಮತ್ತು ಮೇಣವನ್ನು ಹಚ್ಚಿಕೊಳ್ಳಬಹುದೆಂದು ಸರ್ಕಾರ ಒಪ್ಪಿದರೂ, ಹಲ್ಲಿನಿಂದ ಕಚ್ಚುವ ಬದಲು ಕೈಯಿಂದ ಹರಿಯುವಂತೆ ಕವಾಯತನ್ನೇ ಬದಲಿಸಿದರೂ, ಶಂಕೆ ಅಳಿಯಲಿಲ್ಲ. ಏಪ್ರಿಲ್ 24ರಂದು ಮೀರತ್ತಿನಲ್ಲಿ 90 ಸವಾರರ ಪೈಕಿ 85 ಮಂದಿ ತೋಟಾ ಮುಟ್ಟಲು ನಿರಾಕರಿಸಿದರು. ಅವರಿಗೆ ಶಿಕ್ಷೆಯಾದ ಮರುದಿನ, ಮೇ 10ರಂದು, ದಂಗೆ ಭುಗಿಲೆದ್ದಿತು. ಆ ದಂಗೆಯ ಬೇರುಗಳು ಜಿಡ್ಡಿಗಿಂತ ಬಹಳ ಆಳದಲ್ಲಿದ್ದವೆಂಬುದು ನಿಜ. ಆದರೂ ತೋಟಾಕ್ಕೆ ಹಚ್ಚುವ ವಸ್ತು ಏನು ಎಂದು ಸೇನೆಯೊಂದು ತನ್ನ ಆಳುಗಳಿಗೆ ಉತ್ತರ ಕೊಡಬೇಕಾಗಿ ಬಂದದ್ದು ಭಾರತದ ನೆಲದಲ್ಲಿ ಎಂಬುದನ್ನು ಈ ಕಸುಬಿನ ಚರಿತ್ರಕಾರರು ನೆನೆಯುವುದು ವಿರಳ.

ಕಾಗದವನ್ನು ಲೋಹ ಹೊರದೂಡಿದ್ದು ಮುಂದಿನ ಎರಡು ದಶಕಗಳಲ್ಲಿ. 1866ರಲ್ಲಿ ಎರಡು ಪೇಟೆಂಟುಗಳು ಹೊರಬಂದವು: ಒಂದು ಅಮೆರಿಕದ ಹೈರಮ್ ಬರ್ಡನ್‌ನದು, ಇನ್ನೊಂದು ಬ್ರಿಟಿಷ್ ಸೇನೆಯ ಎಡ್ವರ್ಡ್ ಬಾಕ್ಸರ್‌ನದು. ಬರ್ಡನ್ ಪದ್ಧತಿಯಲ್ಲಿ ಕೇಪಿನ ಸಿಡಿಮದ್ದನ್ನು ಜಜ್ಜುವ ಅಡಿಗಲ್ಲು ಕೋಶದ ಬುಡದಲ್ಲೇ ಎದ್ದಿದ್ದು, ಕಿಡಿ ಹಾಯುವ ಸಣ್ಣ ತೂತುಗಳು ಅದರ ಪಕ್ಕಗಳಲ್ಲಿರುತ್ತವೆ. ಬಾಕ್ಸರ್ ಪದ್ಧತಿಯಲ್ಲಿ ಆ ಅಡಿಗಲ್ಲು ಕೇಪಿನೊಳಗೇ ಸೇರಿದ್ದು, ಕೋಶದ ನಟ್ಟನಡುವೆ ಒಂದೇ ತೂತು ಇರುತ್ತದೆ. ವಿಚಿತ್ರವೆಂದರೆ ಅಮೆರಿಕದವನ ಪದ್ಧತಿ ಯೂರೋಪಿನಲ್ಲಿ ನೆಲೆಸಿತು, ಇಂಗ್ಲಿಷರವನದು ಅಮೆರಿಕದಲ್ಲಿ ಬೇರೂರಿತು. ನಡುವಿನ ಒಂಟಿ ತೂತಿಗೆ ಒಳಗಿನಿಂದ ಸೂಜಿ ಇಳಿಸಿದರೆ ಸತ್ತ ಕೇಪು ತಟ್ಟನೆ ಉದುರುತ್ತದೆ, ಪಕ್ಕದ ತೂತುಗಳಲ್ಲಿ ಹಾಗೆ ಮಾಡಲಾಗುವುದಿಲ್ಲ; ಮರುತುಂಬುವ ಕಸುಬು ಅಮೆರಿಕದಲ್ಲಿ ಮನೆಮಾತಾಗಿ ಯೂರೋಪಿನ ಬಹುಭಾಗದಲ್ಲಿ ಹಿಂದುಳಿದದ್ದಕ್ಕೆ ಕಾನೂನುಗಳಷ್ಟೇ ಈ ತೂತೂ ಕಾರಣ.

ಆರಂಭದ ಕೋಶಗಳು ಹಿತ್ತಾಳೆಯವಲ್ಲ, ಬಹುತೇಕ ತಾಮ್ರದವು. ತಾಮ್ರ ಮೆತ್ತಗಿನ ಲೋಹ. ಅದು ಚೇಂಬರಿನ ಗೋಡೆಗೆ ಒತ್ತಿಕೊಂಡ ಮೇಲೆ ಹಿಮ್ಮೆಟ್ಟುವ ಗುಣ ಕಡಿಮೆ. ಅದರ ಮೇಲೆ ಚರ್ಮದ ಪಟ್ಟಿಯಲ್ಲಿ ಇಟ್ಟ ತೋಟಾಗಳಿಗೆ ಹಸಿರು ಕಿಲುಬು ಹಿಡಿದು, ಕಿಲುಬೂ ಮಸಿಯೂ ಸೇರಿ ಖಾಲಿ ಕೋಶವನ್ನು ಕೋವಿಯೊಳಗೇ ಕಚ್ಚಿಸುತ್ತಿದ್ದವು. 1876ರ ಜೂನ್ ತಿಂಗಳಲ್ಲಿ ಮೊಂಟಾನಾದ ಲಿಟ್ಲ್ ಬಿಗ್‌ಹಾರ್ನ್ ನದಿಯ ದಡದಲ್ಲಿ ಲಕೋಟಾ ಮತ್ತು ಷಯೆನ್ ಯೋಧರೆದುರು ಅಮೆರಿಕದ ಸೇನಾಧಿಕಾರಿ ಕಸ್ಟರ್‌ನ ತುಕಡಿ ಅಳಿದದ್ದು ಸಿಕ್ಕಿಕೊಂಡ ತಾಮ್ರದ ಕೋಶಗಳಿಂದಲೇ ಎಂಬ ಮಾತು ಬಹುಕಾಲ ಚಲಾವಣೆಯಲ್ಲಿತ್ತು. ಬದುಕುಳಿದ ಮೇಜರ್ ರೀನೋ ಕೂಡ ಕಾರ್ಬೈನುಗಳ ಈ ದೋಷದ ಬಗ್ಗೆ ದೂರು ಬರೆದಿದ್ದನು. ಆದರೆ 1983ರ ಕಾಳ್ಗಿಚ್ಚು ಅಲ್ಲಿಯ ಹುಲ್ಲನ್ನು ಸುಟ್ಟು ನೆಲ ಬಯಲಾದ ಮೇಲೆ, 1984 ಮತ್ತು 1985ರಲ್ಲಿ ಪುರಾತತ್ತ್ವಜ್ಞರು ಅಗೆದು ತೆಗೆದ ಕೋಶಗಳಲ್ಲಿ ಚಾಕುವಿನಿಂದ ಮೀಟಿದ ಗುರುತುಗಳಿದ್ದವು ತೀರ ಕೆಲವೇ. ಸೋಲಿಗೆ ಬೇರೆ ಕಾರಣಗಳು ಧಾರಾಳವಾಗಿದ್ದವು. ತಾಮ್ರದ ಮೇಲೆ ಹೊರಿಸಿದ ಆರೋಪ ಸೋತವರಿಗೆ ಅನುಕೂಲವಾಗಿತ್ತು ಎಂದಷ್ಟೇ ಹೇಳಬಹುದು. ಏನೇ ಇರಲಿ, ಕೋಶಕ್ಕೆ 70 ಪಾಲು ತಾಮ್ರ, 30 ಪಾಲು ಸತು ಬೆರೆತ ಹಿತ್ತಾಳೆಯೇ ಸರಿ ಎಂಬ ತೀರ್ಮಾನಕ್ಕೆ ಬಹಳಷ್ಟು ಸೇನೆಗಳು ಕ್ರಮೇಣ ಬಂದವು. ಆ ಹಿತ್ತಾಳೆಯ ಬಿಲ್ಲೆಯನ್ನು ಬಟ್ಟಲಾಗಿ ಒತ್ತಿ, ಹಂತಹಂತವಾಗಿ ಉದ್ದಕ್ಕೆ ಎಳೆದು, ನಡುನಡುವೆ ಕಾಸಿ ಮೆದುಗೊಳಿಸಿ ಕೋಶ ಮಾಡುವ ಕಾರ್ಖಾನೆಗಳಲ್ಲಿ ಸಾಬೂನಿನ ನೀರು ಜಿಡ್ಡಿನ ಕೆಲಸ ಮಾಡುತ್ತಿತ್ತು; ಮನೆಯಲ್ಲಿ ಕೋಶ ಹಿಂಡುವವನು ಕಾರ್ಖಾನೆಯ ಕೊನೆಯ ಹಂತವನ್ನೇ ಸಣ್ಣ ಪ್ರಮಾಣದಲ್ಲಿ ಮತ್ತೆ ಮಾಡುತ್ತಾನೆ.

1870ರ ದಶಕದ ಕಾಡೆಮ್ಮೆ ಬೇಟೆಗಾರರಿಗೆ ಮರುತುಂಬುವಿಕೆ ಬದುಕಿನ ಭಾಗವಾಗಿತ್ತು, ಏಕೆಂದರೆ ಬಯಲಿನಲ್ಲಿ ಅಂಗಡಿ ಇರಲಿಲ್ಲ. ಅಮೆರಿಕದ ಸೇನೆಯೂ ಅಭ್ಯಾಸದ ಖರ್ಚು ಉಳಿಸಲು ಫಿಲಡೆಲ್ಫಿಯಾದ ಫ್ರಾಂಕ್‌ಫರ್ಡ್ ಆರ್ಸೆನಲ್ಲಿನಿಂದ ತನ್ನ ಠಾಣ್ಯಗಳಿಗೆ ಮರುತುಂಬುವ ಸಲಕರಣೆ ಹಂಚುತ್ತಿತ್ತು. 1884ರಲ್ಲಿ ಕನೆಕ್ಟಿಕಟ್ ರಾಜ್ಯದಲ್ಲಿ ಜಾನ್ ಬಾರ್ಲೊ ಆರಂಭಿಸಿದ ಐಡಿಯಲ್ ಕಂಪನಿ ಅಡಕತ್ತರಿಯಂತೆ ಎರಡು ಹಿಡಿಗಳಿದ್ದ ಒಂದು ಇಕ್ಕಳವನ್ನು ಮಾರುಕಟ್ಟೆಗೆ ತಂದಿತು. ಜೇಬಿನಲ್ಲಿ ಹಿಡಿಸುವ ಆ ಸಾಧನ ಹಲವು ತಲೆಮಾರುಗಳವರೆಗೆ ಈ ಕಸುಬಿನ ಗುರುತಾಗಿ ಉಳಿಯಿತು. ಅದು ಕೋಶದ ಕೊರಳನ್ನು, ಅಂದರೆ ಗುಂಡನ್ನು ಹಿಡಿಯುವ ಬಾಯಿಯ ಭಾಗವನ್ನು ಮಾತ್ರ ಹಿಂಡುತ್ತಿದ್ದುದರಿಂದ ಕೋಶ ಸಿಕ್ಕಿಕೊಳ್ಳುವ ಭಯ ಅಷ್ಟಾಗಿ ಇರಲಿಲ್ಲ. ಕರಿಮದ್ದಿನ ಒತ್ತಡವೂ ಕಡಿಮೆ, ಆ ಕಾಲದ ಕೋಶಗಳೂ ಹೆಚ್ಚಾಗಿ ನೇರ ಗೋಡೆಯವು, ಮೇಲಾಗಿ ತನ್ನದೇ ಕೋವಿಯಲ್ಲಿ ಸಿಡಿದ ಕೋಶ ಅದೇ ಕೋವಿಯೊಳಕ್ಕೆ ಹೆಚ್ಚಿನ ತಂಟೆಯಿಲ್ಲದೆ ಮರಳುತ್ತಿತ್ತು. ಆಗ ಜಿಡ್ಡಿನ ಜಾಗ ಕೋಶದ ಮೈಯಾಗಿರಲಿಲ್ಲ. ಸೀಸದ ಗುಂಡಿನ ಸುತ್ತ ಕೊರೆದ ಉಂಗುರದಂಥ ತೋಡುಗಳೊಳಗೆ ಕೊಬ್ಬು, ಜೇನುಮೇಣಗಳನ್ನು ತುಂಬುತ್ತಿದ್ದರು. ಎನ್‌ಫೀಲ್ಡ್ ಕಾಗದದ ಹೊರಗಿದ್ದ ಅದೇ ಪದಾರ್ಥ ಹೀಗೆ ತೋಟಾದ ಒಳಕ್ಕೆ ಸರಿದು ಕಣ್ಣಿಗೂ ಕೈಗೂ ಮರೆಯಾಯಿತು.

ಈ ನೆಮ್ಮದಿಯನ್ನು ಕೆಡಿಸಿದ್ದು ಹೊಗೆರಹಿತ ಮದ್ದು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ರೂಪಿಸಿದ ಈ ಮದ್ದನ್ನು ಕೆಲವೇ ವರ್ಷಗಳಲ್ಲಿ ಎಲ್ಲ ದೇಶಗಳೂ ಅಪ್ಪಿಕೊಂಡವು. ಚೇಂಬರಿನ ಒತ್ತಡ ಎರಡು ಪಟ್ಟು ಮೀರಿ, 1906ರ ಅಮೆರಿಕನ್ .30-06 ತೋಟಾದಲ್ಲಿ ಚದರ ಅಂಗುಲಕ್ಕೆ ಸುಮಾರು 50,000 ಪೌಂಡಿಗೆ ಏರಿತು. ದೊಡ್ಡ ಮದ್ದಿನ ಚೀಲದಂಥ ಒಡಲು, ಇಳಿಜಾರಿನ ಹೆಗಲು, ಸಣ್ಣ ಕೊರಳು ಇರುವ ಸೀಸೆಯಾಕಾರದ ಕೋಶ ಸಾಮಾನ್ಯವಾಯಿತು. ಮೊದಮೊದಲು ಮರುತುಂಬುವವರಿಗೆ ಇನ್ನೊಂದು ಪೆಟ್ಟೂ ಬಿದ್ದಿತು: ಕೇಪಿನಲ್ಲಿದ್ದ ಪಾದರಸದ ಸಂಯುಕ್ತ ಕರಿಮದ್ದಿನ ದಟ್ಟ ಮಸಿಯಲ್ಲಿ ಹಂಚಿಹೋಗುತ್ತಿದ್ದುದು, ಹೊಸ ಮದ್ದಿನ ಸ್ವಚ್ಛ ಉರಿಯಲ್ಲಿ ನೇರವಾಗಿ ಹಿತ್ತಾಳೆಗೆ ತಗುಲಿ ಅದನ್ನು ಒಂದೇ ಈಡಿಗೆ ಪುಡಿಪುಡಿಯಾಗುವಷ್ಟು ಪೆಡಸುಗೊಳಿಸುತ್ತಿತ್ತು. ಪಾದರಸವಿಲ್ಲದ ಕೇಪುಗಳು ಬಂದ ಮೇಲೆಯೇ ಕೋಶ ಮತ್ತೆ ಮರುಬಳಕೆಗೆ ಯೋಗ್ಯವಾದದ್ದು. ಹೆಚ್ಚಿನ ಒತ್ತಡಕ್ಕೆ ಉಬ್ಬಿದ ಸೀಸೆಯಾಕಾರದ ಕೋಶ ಕೊರಳು ಹಿಂಡಿದ ಮಾತ್ರಕ್ಕೆ ಎಷ್ಟೋ ಸಲ ಚೇಂಬರಿಗೆ ಮರಳುತ್ತಿರಲಿಲ್ಲ. ಬೇರೊಬ್ಬರ ಕೋವಿಯಲ್ಲಿ ಸಿಡಿದದ್ದಾದರಂತೂ ಆ ಮಾತೇ ಇಲ್ಲ. ಬುಡದಿಂದ ಬಾಯಿಯವರೆಗೆ ಪೂರ್ತಿ ಹಿಂಡುವ ಡೈ ಅನಿವಾರ್ಯವಾಯಿತು, ಅದಕ್ಕೆ ಇಕ್ಕಳದ ಬಲ ಸಾಲದೆ ಮೇಜಿಗೆ ಬಿಗಿದ ಪ್ರೆಸ್ ಬೇಕಾಯಿತು, ಮತ್ತು ಜಿಡ್ಡು ಕೋಶದ ಹೊರಮೈಗೆ ಬಂದಿತು.

ಎರಡನೆಯ ಮಹಾಯುದ್ಧದ ಬಳಿಕ ಅಗ್ಗದ ಹೆಚ್ಚುವರಿ ಮದ್ದೂ ಲಕ್ಷಾಂತರ ಖಾಲಿ ಕೋಶಗಳೂ ಅಮೆರಿಕದ ಮಾರುಕಟ್ಟೆಗೆ ಹರಿದಾಗ ಈ ಕಸುಬು ಸಾವಿರಾರು ಮನೆಗಳ ಗ್ಯಾರೇಜುಗಳನ್ನು ಹೊಕ್ಕಿತು. ಕ್ಯಾಲಿಫೋರ್ನಿಯಾದ ಓರೊವಿಲ್ ಊರಿನಲ್ಲಿ 1943ರಲ್ಲಿ ಫ್ರೆಡ್ ಹಂಟಿಂಗ್ಟನ್ ಆರಂಭಿಸಿದ ಆರ್‌ಸಿಬಿಎಸ್ ಮೊದಲು ಮಾರಿದ್ದು ಸಣ್ಣ ಗುಂಡುಗಳನ್ನು ಒತ್ತಿ ಮಾಡುವ ಡೈಗಳನ್ನು. ಮುಂದೆ ಅದರ ಪ್ರೆಸ್ಸುಗಳೂ ಡೈಗಳೂ ಎಲ್ಲೆಡೆ ಹರಡಿದವು. ಒಂದು ಅಂಗುಲದ ಎಂಟರಲ್ಲಿ ಏಳು ಭಾಗ ವ್ಯಾಸ, ಅಂಗುಲಕ್ಕೆ 14 ಸುತ್ತು ಥ್ರೆಡ್ ಎಂಬ ಅಳತೆಯನ್ನು ತಯಾರಕರೆಲ್ಲ ಒಪ್ಪಿಕೊಂಡದ್ದರಿಂದ ಯಾವ ಕಂಪನಿಯ ಡೈ ಯಾವ ಪ್ರೆಸ್ಸಿಗಾದರೂ ಕೂರುವಂತಾಯಿತು. ಕೋಶ ಸಿಕ್ಕಿಕೊಂಡಾಗ ಅದನ್ನು ಬಿಡಿಸುವ ಒಂದು ಸಲಕರಣೆಯೇ ಪ್ರತ್ಯೇಕವಾಗಿ ಮಾರಾಟಕ್ಕೆ ಬಂದಿತು ಎಂಬುದರಿಂದ ಆ ತೊಂದರೆ ಎಷ್ಟು ಸಾಮಾನ್ಯವಾಗಿತ್ತೆಂದು ಊಹಿಸಬಹುದು: ಕೇಪಿನ ಗುಳಿಯ ಮೂಲಕ ಬುಡವನ್ನು ಕೊರೆದು, ಟ್ಯಾಪ್ ಹಾಕಿ ಥ್ರೆಡ್ ಮಾಡಿ, ಅದಕ್ಕೊಂದು ಬೋಲ್ಟನ್ನು ತಿರುಗಿಸಿ, ಡೈಯ ಬಾಯಿಗೆ ಆನಿಸಿದ ಉಕ್ಕಿನ ಬಟ್ಟಲಿನ ಮೇಲೆ ಬೋಲ್ಟ್ ಬಿಗಿದಂತೆ ಕೋಶ ಕೂದಲೆಳೆಯಷ್ಟೇ ಕದಲುತ್ತ ಹೊರಗೆ ಬರುತ್ತದೆ. ಇಷ್ಟಾದರೂ ಡೈನ ಒಳಗೋಡೆಗೆ ಹಿತ್ತಾಳೆ ಕಚ್ಚಿ ಉಳಿದಿದ್ದರೆ ಮುಂದಿನ ಪ್ರತಿಯೊಂದು ಕೋಶಕ್ಕೂ ಗೀರು ಬೀಳುತ್ತದೆ.

ಯಾವ ಜಿಡ್ಡು ಎಂಬ ವಿಷಯದಲ್ಲಿ ಈ ಕಸುಬುದಾರರು ಒಮ್ಮತಕ್ಕೆ ಬಂದದ್ದಿಲ್ಲ. ಯಂತ್ರದ ಸಾಮಾನ್ಯ ಎಣ್ಣೆ ಇಲ್ಲಿ ಸೋಲುತ್ತದೆ, ಏಕೆಂದರೆ ಹಿಂಡುವ ಒತ್ತಡಕ್ಕೆ ಅದು ಎರಡು ಲೋಹಗಳ ನಡುವಿನಿಂದ ಜಾರಿ ಹೊರಹೋಗುತ್ತದೆ. ಬೇಕಾದದ್ದು ಲೋಹಕ್ಕೆ ಅಂಟಿ ನಿಲ್ಲುವ ಪದಾರ್ಥ. ಹರಳೆಣ್ಣೆ, ಮೇಣಗಳು, ಸಾಬೂನು ಬೆರೆತ ದ್ರವಗಳು ಎಲ್ಲವೂ ಬಳಕೆಯಲ್ಲಿದ್ದು, ಇವುಗಳ ನಡುವೆ ಹೆಚ್ಚು ಬಾಳಿಕೆ ಬಂದದ್ದು ಲ್ಯಾನೊಲಿನ್, ಅಂದರೆ ಕುರಿಯ ಉಣ್ಣೆಯಿಂದ ತೊಳೆದು ತೆಗೆದ ಜಿಡ್ಡು. 1882ರಲ್ಲಿ ಜರ್ಮನಿಯ ಬ್ರೌನ್ ಮತ್ತು ಲೀಬ್‌ರೈಖ್ ಇದನ್ನು ಶುದ್ಧಗೊಳಿಸುವ ವಿಧಾನಕ್ಕೆ ಪೇಟೆಂಟ್ ಪಡೆದದ್ದು ಮುಲಾಮುಗಳಿಗಾಗಿ. ಕುರುಬರ ಕಂಬಳಿ ಮಳೆಯ ನೀರನ್ನು ತಡೆಯುವುದೂ ಉಣ್ಣೆಯಲ್ಲುಳಿದ ಇದೇ ಜಿಡ್ಡಿನಿಂದ. ಔಷಧದಂಗಡಿಯಲ್ಲಿ ಸಿಗುವ ಈ ಲ್ಯಾನೊಲಿನ್ನನ್ನು ಆಲ್ಕೊಹಾಲಿನಲ್ಲಿ ಕರಗಿಸಿ ಕೋಶಗಳ ಮೇಲೆ ಸಿಂಪಡಿಸಿದರೆ ಆಲ್ಕೊಹಾಲು ಆರಿ ತೆಳು ಪದರ ಉಳಿಯುತ್ತದೆ. ಆರಲು ಬಿಡದೆ ಅವಸರಪಟ್ಟವರ ಕೋಶ ಸಿಕ್ಕಿಕೊಳ್ಳುತ್ತದೆ. ಹಾಗೆಂದು ಧಾರಾಳವಾಗಿ ಬಳಿದರೂ ಕೇಡೇ: ಹಿಂಡಿದ ಜಿಡ್ಡಿಗೆ ಹೋಗಲು ದಾರಿಯಿಲ್ಲದೆ ಕೋಶದ ಹೆಗಲಿನ ಮೇಲೆ ಮಡುಗಟ್ಟಿ, ದ್ರವ ಕುಗ್ಗದಿರುವುದರಿಂದ ಹಿತ್ತಾಳೆಯೇ ಒಳಕ್ಕೆ ನೆಗ್ಗುತ್ತದೆ. ಕೊರಳಿನ ಒಳಭಾಗಕ್ಕೆ ಒದ್ದೆ ಜಿಡ್ಡು ತಗುಲಿದರೆ ಮದ್ದು ಅಂಟಿಕೊಂಡು ಕೆಡುತ್ತದೆ, ಕೇಪಿಗೆ ತಗುಲಿದರೆ ಅದು ಸಿಡಿಯದೇ ಹೋಗಬಹುದು; ಅದಕ್ಕೇ ಅಲ್ಲಿ ಗ್ರ್ಯಾಫೈಟ್ ಅಥವಾ ಅಭ್ರಕದ ಪುಡಿಯಂಥ ಒಣ ಪದಾರ್ಥ ಬಳಸುವ ಪದ್ಧತಿ ಬಂದದ್ದು.

ಇಷ್ಟೆಲ್ಲ ಜತನದಿಂದ ಹಚ್ಚಿದ ಜಿಡ್ಡನ್ನು ಹಿಂಡಿದ ಕೂಡಲೇ ಒರೆಸಿ ತೆಗೆಯಬೇಕು ಎಂಬುದು ಹೊಸಬರಿಗೆ ಅರ್ಥವಾಗದ ನಿಯಮ, ಆದರೆ ಅದರ ಹಿಂದೆ ಒಂದು ದುಬಾರಿ ಪಾಠವಿದೆ. ಒಣಗಿದ ಕೋಶ ಸಿಡಿಯುವಾಗ ಚೇಂಬರಿನ ಗೋಡೆಯನ್ನು ಕಚ್ಚಿ ಹಿಡಿದು ಹಿಂದಿನ ತಳ್ಳುವಿಕೆಯ ಒಂದಂಶವನ್ನು ತಾನೇ ಹೊರುತ್ತದೆ. ಜಿಡ್ಡು ಹಚ್ಚಿದ ಕೋಶ ಜಾರಿ ಆ ಭಾರವನ್ನೆಲ್ಲ ಕೋವಿಯ ಬೋಲ್ಟಿನ ಮೇಲೆ, ಅಂದರೆ ಚೇಂಬರನ್ನು ಹಿಂದಿನಿಂದ ಮುಚ್ಚುವ ಭಾಗದ ಮೇಲೆ, ಹಾಕುತ್ತದೆ. ಬ್ರಿಟಿಷರು ಹೊಸ ರೈಫಲಿನ ಬಲ ಪರೀಕ್ಷಿಸಲು ಎಣ್ಣೆ ಸವರಿದ ತೋಟಾವನ್ನು ಬೇಕೆಂದೇ ಹಾರಿಸುತ್ತಿದ್ದುದು ಈ ಕಾರಣಕ್ಕೆ. ಆದರೂ ಕೆಲವು ಯಂತ್ರಗಳಿಗೆ ಆ ಜಾರುವಿಕೆಯೇ ಬೇಕಾಗಿತ್ತು. ಆಸ್ಟ್ರಿಯಾ-ಹಂಗರಿಯ 1907ರ ಶ್ವಾರ್ಜ್‌ಲೋಸ ಮಷಿನ್‌ಗನ್ನಿನಲ್ಲಿ ಒತ್ತಡ ಇನ್ನೂ ಉಳಿದಿರುವಾಗಲೇ ಕೋಶ ಹಿಂದಕ್ಕೆ ಚಲಿಸತೊಡಗುತ್ತಿದ್ದುದರಿಂದ ಪ್ರತಿ ತೋಟಾಕ್ಕೂ ಎಣ್ಣೆ ಹನಿಸುವ ಪಂಪನ್ನು ಅದರೊಳಗೇ ಅಳವಡಿಸಿದ್ದರು. ಇಟಲಿಯ ಬ್ರೆಡಾ 30 ಗನ್ನಿಗೂ ಅಂಥ ಎಣ್ಣೆ ಬೇಕಾಗಿದ್ದು, ಉತ್ತರ ಆಫ್ರಿಕಾದ ಮರಳು ಆ ಎಣ್ಣೆಗೆ ಅಂಟಿ ಅದು ಪಟ್ಟ ಪಾಡು ಕುಖ್ಯಾತವಾಯಿತು. ಅಮೆರಿಕದ ಜಾನ್ ಪೆಡರ್ಸನ್ 1920ರ ದಶಕದಲ್ಲಿ ತಾನು ರೂಪಿಸಿದ ಅರೆಸ್ವಯಂಚಾಲಿತ ರೈಫಲಿನ ತೋಟಾಗಳಿಗೆ ಒಣ ಮೇಣದ ತೆಳು ಲೇಪ ಕೊಟ್ಟು ಈ ತೊಂದರೆಯನ್ನು ನಯವಾಗಿ ದಾಟಿದನು. ಆದರೂ ಕೊನೆಗೆ ಸೇನೆ ಆರಿಸಿದ್ದು ಯಾವ ಲೇಪವೂ ಬೇಡದ ಗ್ಯಾರಂಡ್ ರೈಫಲನ್ನು.

ಪಾಠ ಬಹಿರಂಗವಾದದ್ದು 1921ರ ಅಮೆರಿಕದ ರಾಷ್ಟ್ರೀಯ ಗುರಿಕಾರಿಕೆ ಸ್ಪರ್ಧೆಯಲ್ಲಿ. ಆ ಕಾಲದ ಗುಂಡುಗಳ ತಾಮ್ರ-ನಿಕ್ಕಲ್ ಹೊದಿಕೆ ನಳಿಗೆಯಲ್ಲಿ ಗಂಟುಗಂಟಾಗಿ ಅಂಟುತ್ತಿದ್ದುದರಿಂದ ಗುರಿಕಾರರು ಗುಂಡನ್ನು ಮೋಬಿಲೂಬ್ರಿಕೆಂಟ್ ಎಂಬ ಗಟ್ಟಿ ಗ್ರೀಸಿನಲ್ಲಿ ಅದ್ದಿ ಹಾರಿಸುವುದನ್ನು ರೂಢಿಸಿಕೊಂಡಿದ್ದರು. ಅದೇ ತೊಂದರೆಗೆ ಮದ್ದಾಗಿ ಫ್ರಾಂಕ್‌ಫರ್ಡ್ ಆರ್ಸೆನಲ್ ಆ ವರ್ಷದ ಗುಂಡುಗಳಿಗೆ ತವರದ ಲೇಪ ಕೊಟ್ಟಿತು. ತವರ ಕಾಲಕ್ರಮದಲ್ಲಿ ಬೆಸುಗೆಯಂತೆ ಕೋಶದ ಕೊರಳಿಗೆ ಕಚ್ಚಿಕೊಂಡಿತ್ತು. ಅದರ ಮೇಲೆ ಗ್ರೀಸ್ ಬಿದ್ದು, ಚೇಂಬರಿನ ಕೊರಳಿನ ಸುತ್ತಲಿನ ತೆರವು ತುಂಬಿ, ಕೊರಳು ಹಿಗ್ಗಿ ಗುಂಡನ್ನು ಬಿಡಲು ಜಾಗವಿಲ್ಲದಂತಾದಾಗ ಒತ್ತಡ ಮಿತಿಮೀರಿ ರೈಫಲುಗಳು ಒಡೆದವು. ತವರವೊಂದೇ ಇದ್ದಾಗ, ಗ್ರೀಸೊಂದೇ ಇದ್ದಾಗ ಆಗದ ಅನಾಹುತ ಎರಡೂ ಸೇರಿದಾಗ ಆದದ್ದರಿಂದ, ಸ್ಪರ್ಧಿಗಳೂ ಅಧಿಕಾರಿಗಳೂ ಪರಸ್ಪರ ದೂರಿಕೊಳ್ಳಲು ಬೇಕಾದಷ್ಟು ಎಡೆಯಿತ್ತು. ಮರುವರ್ಷ ಗುಂಡಿನ ಹೊದಿಕೆಯ ಲೋಹವನ್ನೇ ಬದಲಿಸಿ ಗ್ರೀಸಿನ ಡಬ್ಬಿಯ ಅಗತ್ಯವನ್ನು ಇಲ್ಲವಾಗಿಸಿದರು.

ಅದೇ 1921ರಲ್ಲಿ ಹಿತ್ತಾಳೆಯ ಇನ್ನೊಂದು ಒಗಟೂ ಬಿಡಿಸಿಕೊಂಡಿತು, ಮತ್ತು ಅದು ಹುಟ್ಟಿದ್ದು ಭಾರತದಲ್ಲಿ. ಮಳೆಗಾಲದಲ್ಲಿ ಬ್ರಿಟಿಷ್ ಪಡೆಗಳು ಕುದುರೆ ಲಾಯಗಳಲ್ಲಿ ಕೂಡಿಟ್ಟ ತೋಟಾಗಳು, ಯಾರೂ ಮುಟ್ಟದಿದ್ದರೂ, ಗುಂಡನ್ನು ಬಿಗಿಹಿಡಿದ ಕೊರಳಿನ ಬಳಿ ತಾವಾಗಿಯೇ ಸೀಳುತ್ತಿದ್ದವು. ಮಳೆಗಾಲಕ್ಕೆ ತಳಕು ಹಾಕಿಕೊಂಡಿದ್ದರಿಂದ ಇದನ್ನು ಋತುವಿನ ಬಿರುಕು ಎಂದೇ ಕರೆದರು. ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್ಸನ್ ಎಂಬ ಲೋಹತಜ್ಞರು ವಿವರಿಸಿದಂತೆ, ಕುದುರೆಯ ಮೂತ್ರದಿಂದೆದ್ದ ಅಮೋನಿಯ ತೇವದ ಗಾಳಿಯಲ್ಲಿ ಬೆರೆತು, ತಯಾರಿಕೆಯ ಹಂತದಲ್ಲಿ ಹಿತ್ತಾಳೆಯೊಳಗೆ ಉಳಿದಿದ್ದ ಬಿಗುವಿನ ಜಾಡಿನಲ್ಲೇ ಲೋಹವನ್ನು ಕೊರೆಯುತ್ತಿತ್ತು. ಕೋಶವನ್ನು ಹದವಾಗಿ ಕಾಸಿ ಆ ಬಿಗುವನ್ನು ಸಡಿಲಿಸುವುದೇ ಪರಿಹಾರವಾಯಿತು; ಸೇನೆಯ ಕೋಶಗಳ ಕೊರಳಿನ ಮೇಲೆ ಇಂದಿಗೂ ಕಾಣುವ ನೀಲಿಗಪ್ಪು ಛಾಯೆ ಅಂಥ ಕಾಸುವಿಕೆಯ ಗುರುತು. ಮರುತುಂಬುವವನ ಮಟ್ಟಿಗೆ ಇದರ ಅರ್ಥ ಸ್ಪಷ್ಟ: ಪ್ರತಿ ಸಲ ಉಬ್ಬಿ, ಪ್ರತಿ ಸಲ ಡೈನಲ್ಲಿ ಹಿಂಡಿಸಿಕೊಂಡ ಹಿತ್ತಾಳೆ ಗಟ್ಟಿಯಾಗುತ್ತ ಬಿಗುವನ್ನು ಕೂಡಿಹಾಕಿಕೊಳ್ಳುವುದರಿಂದ ಕೊರಳನ್ನು ಆಗಾಗ ಕಾಸಬೇಕು, ಕೋಶ ಹೊಳೆಯಲೆಂದು ಅಮೋನಿಯ ಬೆರೆತ ಪಾತ್ರೆ ಪಾಲಿಶನ್ನು ಹಚ್ಚಲೇಬಾರದು.

ಆ ಪಾಠದ ನೆಲವಾದ ಭಾರತದಲ್ಲಿ ಕಸುಬು ಮಾತ್ರ ಬೇರುಬಿಡಲಿಲ್ಲ. ಮದ್ದುಗುಂಡುಗಳ ತಯಾರಿಕೆಯನ್ನು 1959ರ ಶಸ್ತ್ರಾಸ್ತ್ರ ಕಾಯ್ದೆ ಪರವಾನಗಿಗೆ ಒಳಪಡಿಸಿದೆ. ಮಲೆನಾಡು, ಕೊಡಗುಗಳ ಹಳೆಯ ಕೇಪಿನ ಕೋವಿಗೆ ಮದ್ದನ್ನೂ ಗುಂಡನ್ನೂ ನಳಿಗೆಯ ಬಾಯಿಯಿಂದಲೇ ತುಂಬುವುದರಿಂದ ಅದಕ್ಕೆ ಕೋಶವೂ ಬೇಡ, ಡೈಯೂ ಬೇಡ. ಕಸುಬು ಬೇರುಬಿಟ್ಟ ಅಮೆರಿಕದಲ್ಲಾದರೋ ಜಿಡ್ಡನ್ನೇ ತೊಲಗಿಸುವ ಪ್ರಯತ್ನ ಟಂಗ್‌ಸ್ಟನ್ ಕಾರ್ಬೈಡಿನ ಡೈಗಳ ರೂಪದಲ್ಲಿ ನಡೆಯಿತು. ಉಕ್ಕಿಗಿಂತ ಬಹಳ ಗಟ್ಟಿಯಾದ, ಹಿತ್ತಾಳೆ ಕಚ್ಚದ ಈ ಪದಾರ್ಥದ ಒಂದು ಉಂಗುರವನ್ನು ಡೈನ ಬಾಯಿಗೆ ಕೂರಿಸಿದರೆ ಪಿಸ್ತೂಲಿನ ನೇರ ಗೋಡೆಯ ಕೋಶಗಳು ಬರಿಮೈಯಲ್ಲೇ ಸಲೀಸಾಗಿ ಒಳಹೋಗಿ ಹೊರಬರುತ್ತವೆ. ರೈಫಲಿನ ಸೀಸೆಯಾಕಾರದ ಕೋಶ ಬುಡದಿಂದ ಹೆಗಲಿನವರೆಗೆ ಓರೆಯಾಗಿರುವುದರಿಂದ ಉಂಗುರವೊಂದರಿಂದ ಅದರ ಕೆಲಸ ಸಾಗದು. ಇಡೀ ಮೈಗೆ ಹೊಂದುವಂತೆ ಕಾರ್ಬೈಡಿನ ಡೈ ಮಾಡಿಸಿ ದುಬಾರಿ ಬೆಲೆ ತೆತ್ತವರೂ, ಆ ಮೈಯೆಲ್ಲ ಒಮ್ಮೆಗೇ ಗೋಡೆಗೆ ಒತ್ತುವುದರಿಂದ, ಪಕ್ಕದಲ್ಲಿ ಜಿಡ್ಡಿನ ಡಬ್ಬಿ ಇಟ್ಟುಕೊಂಡೇ ಕೂರುತ್ತಾರೆ.